ಶಿಫಾರಸು ಪತ್ರ, ನಾಲ್ಕನೆಯ ಕರಡು

ರಾತ್ರಿ ಮೂರೂವರೆ. ಡುಲೂತ್ ಬಂದರಿನಲ್ಲಿ
ವರ್ಷದ ಕೊನೆಯ ಅದಿರು ಹಡಗೊಂದು
ಸೇತುವೆ ಎತ್ತಿ ಎಂದು ಕೂಗುತ್ತಿದೆ.
ಆರನೆಯ ಮಹಡಿಯಲ್ಲಿ ಹದಿನೆಂಟು ಹಾಸಿಗೆ, ಹದಿನೇಳು ನಿದ್ದೆ.
ಒಂಬತ್ತನೆಯ ಕೋಣೆಯಾಕೆ ಮತ್ತೆ ನೀರು ಕೇಳುತ್ತಾಳೆ.
ಕೇಳಲಿ, ಟೆಸ್ಸ ಇದ್ದಾಳೆ.

ನನ್ನೆದುರು ವಿಶ್ವವಿದ್ಯಾಲಯದ ನಮೂನೆ.
ನರ್ಸಿಂಗ್, ಸ್ನಾತಕೋತ್ತರ. ಅಭ್ಯರ್ಥಿ: ಟೆಸ್ಸ ನಿಯೆಮಿ.
ಸರಾಸರಿ, ನಾಲ್ಕಕ್ಕೆ ಎರಡು ಬಿಂದು ಎಂಟು ಏಳು.
ಅವರು ಕೇಳುವುದು ಮೂರು.
ನಡುವಿನದು ಕೂದಲೆಳೆ ಅನ್ನಿ; ಆ ಎಳೆಯಿಂದಲೇ
ಬಾಗಿಲಿನ ಚಿಲಕ ಬಿಗಿದಿದ್ದಾರೆ.

ನಮ್ಮ ಕೆಲಸದಲ್ಲಿ ಬಿಂದು ಅಂದರೆ ಹನಿ.
ನಿಮಿಷಕ್ಕೆ ಇಪ್ಪತ್ತೊಂದು, ನಳಿಕೆಯ ಗೂಡಿನಲ್ಲಿ.
ಈಗ ಪಂಪು ಎಣಿಸುತ್ತದೆ.
ನಾನಿನ್ನೂ ತುಟಿಯಲ್ಲೇ ಎಣಿಸುತ್ತೇನೆ, ಹಳೆಯ ಚಟ.

ಮೊದಲ ಕರಡಿನಲ್ಲಿ ಬರೆದಿದ್ದೆ:
ಶ್ರದ್ಧೆಯವಳು, ತಾಳ್ಮೆಯವಳು, ಎಲ್ಲರೊಡನೆ ಹೊಂದಿಕೊಳ್ಳುವವಳು.
ನಾಯಿಮರಿ ಮಾರಾಟದ ಜಾಹೀರಾತಿನಂತಿತ್ತು. ಹರಿದೆ.

ಎರಡನೆಯದರಲ್ಲಿ ಅವಳಿಗೊಂದು ಕಷ್ಟ ಹುಡುಕಿದೆ.
ಹಾಸಿಗೆ ಹಿಡಿದ ತಾಯಿ, ಇಲ್ಲವೇ ಕುಡುಕ ಅಪ್ಪ;
ಸಮಿತಿಯ ಕಣ್ಣು ಒದ್ದೆಯಾಗಲು ಏನಾದರೂ ಬೇಕಲ್ಲ.
ಊಟದ ಬಿಡುವಿನಲ್ಲಿ ಕೇಳಿದೆ,
ಆ ವರ್ಷ ರಸಾಯನಶಾಸ್ತ್ರದಲ್ಲಿ ಏನಾಯಿತು, ಹೇಳು.
ತಣ್ಣಗಾದ ಆಲೂಗಡ್ಡೆ ಕೆದಕುತ್ತ ಅಂದಳು:
"ಏನೂ ಆಗಲಿಲ್ಲ ಡೊಲೋರಿಸ್. ಹತ್ತೊಂಬತ್ತು ನನಗೆ.
ರಾತ್ರಿ ಹನ್ನೊಂದರ ತನಕ ಐಸ್ ಹಾಕಿ, ನಾನು ಗೋಲ್‌ಕೀಪರು.
ಬೆಳಗ್ಗೆ ಎಂಟಕ್ಕೆ ಕ್ಲಾಸು. ಮಲಗಿರ್ತಿದ್ದೆ, ಅಷ್ಟೇ.
ಅಪ್ಪ ಅಮ್ಮ ಚೆನ್ನಾಗಿದಾರೆ, ಕೋಳಿ ಸಾಕ್ಕೊಂಡಿದಾರೆ.
ಸುಳ್ಳು ಬರೀಬೇಡ."

ಮೂರನೆಯದು ಬರೀ ಲೆಕ್ಕ.
ಏಳು ವರ್ಷದ ರಾತ್ರಿಪಾಳಿ. ಸಮುದಾಯ ಕಾಲೇಜಿಗೆ ಹೋಗಿ
ಹದಿನೆಂಟರ ಮಕ್ಕಳ ಜೊತೆ ಮತ್ತೆ ಕೂತ ರಸಾಯನಶಾಸ್ತ್ರ,
ಈ ಸಲ 'ಎ'. ಸಂಖ್ಯಾಶಾಸ್ತ್ರ, ಅದೂ 'ಎ'.
ಸರಾಸರಿ ಮಾತ್ರ ಹಳೆಯ ಸಾಲ:
ಎಷ್ಟು ಕಟ್ಟಿದರೂ ಬಡ್ಡಿಗೆ ಹೋಗಿ, ಅಸಲು ಅಲ್ಲೇ ಕೂತಿದೆ.

(ನನ್ನದು ಎರಡು ಬಿಂದು ಒಂಬತ್ತು ಒಂದಿತ್ತು.
ಅರ್ಜಿಯ ಶುಲ್ಕವನ್ನೇ ಕಟ್ಟಲಿಲ್ಲ.
ಇದು ಪತ್ರಕ್ಕಲ್ಲ.)

ನಮೂನೆಯಲ್ಲೊಂದು ಚೌಕಗಳ ಸಾಲು, ಗುರುತು ಹಾಕಬೇಕು:
ನೀವು ಕಂಡವರಲ್ಲಿ ಇವಳು ಮೇಲಿನ ಶೇಕಡ ಐದೋ, ಹತ್ತೋ, ಇಪ್ಪತ್ತೈದೋ.
ಮೂವತ್ತೆರಡು ವರ್ಷ. ಯಾರನ್ನೂ ಸಾಲಾಗಿ ನಿಲ್ಲಿಸಿ ನೋಡಿಲ್ಲ.
ಚೌಕ ಬಿಟ್ಟು ಕೆಳಗಿನ ಖಾಲಿ ಜಾಗದಲ್ಲಿ ಬರೆಯುತ್ತಿದ್ದೇನೆ:

ಕಳೆದ ಮಾರ್ಚ್, ನಸುಕಿನ ಐದು ಗಂಟೆ.
ಹನ್ನೆರಡನೆಯ ಕೋಣೆಯಲ್ಲೊಬ್ಬ ಮುದುಕ,
ಹೆಸರು ಬರೆಯಲು ಕಾನೂನು ಬಿಡುವುದಿಲ್ಲ.
ಕಣ್ಣು ತೆರೆದರೆ ಬೈಗುಳ, ಸೂಜಿಗೊಂದು, ಸೂಪಿಗೊಂದು,
ನಮ್ಮ ತಾಯಂದಿರಿಗೆಲ್ಲ ಪಾಲು.
ಅವತ್ತು ಯಂತ್ರಗಳ ಅಂಕಿ ಎಲ್ಲ ಸರಿ.
ಅವನು "ದಯವಿಟ್ಟು ದಿಂಬು ಸರಿಮಾಡಮ್ಮ" ಅಂದ.
ಟೆಸ್ಸ ಓಡಿಬಂದಳು:
"ಮರ್ಯಾದೆಯಾಗಿ ಮಾತಾಡ್ತಿದಾನೆ. ಏನೋ ಸರಿಯಿಲ್ಲ."
ಡಾಕ್ಟರನ್ನು ಎಬ್ಬಿಸಿದಳು. ಬೈಸಿಕೊಂಡಳು.
ಮತ್ತೆ ಎಬ್ಬಿಸಿದಳು.
ಹೊಟ್ಟೆಯೊಳಗೆ ಸದ್ದಿಲ್ಲದೆ ರಕ್ತ ಸೋರುತ್ತಿತ್ತು.
ಈಸ್ಟರ್ ಹೊತ್ತಿಗೆ ಮುದುಕ
ಮೊದಲಿನ ಹಾಗೇ ಬೈಯುತ್ತ ಮನೆಗೆ ಹೋದ.

ಇದಕ್ಕೆ ನಿಮ್ಮಲ್ಲಿ ಎಷ್ಟು ಅಂಕವೋ ನನಗೆ ಗೊತ್ತಿಲ್ಲ.
ಎಂಟು ಗಂಟೆಯ ತರಗತಿಗಳಿಗೆ ಈಗ ಎದ್ದಿರುತ್ತಾಳೆ,
ಏಕೆಂದರೆ ಇನ್ನೂ ಮಲಗಿರುವುದಿಲ್ಲ.

ಕೊನೆಗೆ, ದಯವಿಟ್ಟು ಪರಿಗಣಿಸಿ, ಎಂದು ಬರೆದೆ.
ಓದಿ ನೋಡಿದೆ.
ನಾನೂ ಮರ್ಯಾದೆಯಾಗಿ ಮಾತಾಡುತ್ತಿದ್ದೇನೆ.
ಹೊಡೆದುಹಾಕಿ, ಸೇರಿಸಿಕೊಳ್ಳಿ, ಎಂದಷ್ಟೇ ಬರೆದು
ಒತ್ತಿ ಸಹಿ ಹಾಕುವಷ್ಟರಲ್ಲಿ
ಒಂಬತ್ತರ ಗಂಟೆ. ಈ ಸಲ ನಾನೇ ಎದ್ದೆ.